ಘಾಟಿ ರಸ್ತೆಗೆ ಹಳೇ ಮಿಯಾಟಾ: ಹೊಸ ಸಸ್ಪೆನ್ಷನ್, ಕಾಫಿ ಕಣದಲ್ಲಿ ಅಲೈನ್‌ಮೆಂಟ್

ಹಳೇ ಸ್ಪೋರ್ಟ್ಸ್ ಕಾರ್ ಇಟ್ಕೊಂಡಿರೋರಿಗೆ ಎಲ್ಲರೂ ಕೊಡೋ ಮೊದಲ ಸಲಹೆ ಒಂದೇ: ಕಾರನ್ನ ನೆಲಕ್ಕೆ ಹತ್ತಿರ ಇಳಿಸು, ಸಸ್ಪೆನ್ಷನ್ ಗಟ್ಟಿ ಮಾಡು. ಬೆಂಗಳೂರಿನ ಒಳ್ಳೇ ಟಾರ್ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ಓಡಿಸೋರು ಹಾಗೇ ಮಾಡ್ಕೊಳ್ಳಲಿ, ನಂದೇನೂ ತಕರಾರಿಲ್ಲ. ನಾನಿರೋದು ಕೊಡಗಲ್ಲಿ. ಇಲ್ಲಿ ತಿರುವಿನ ಮಧ್ಯದಲ್ಲೇ ತೇಪೆ ಇರುತ್ತೆ, ನೀರಿನ ಪೈಪಿಗೆ ಅಂತ ಅಗೆದು ಮುಚ್ಚಿದ ಗೀರು ಇರುತ್ತೆ, ಒಂದು ಮಳೆಗಾಲ ಕಳೆದರೆ ಟಾರಿನ ಅಂಚೇ ಇರಲ್ಲ. ಇಂಥ ಕಡೆ ಕಾರಿಗೆ ಬೇಕಾಗಿರೋದು ಚಕ್ರ ಮೇಲೆ ಕೆಳಗೆ ಓಡಾಡೋಕೆ ಜಾಗ. ಇವತ್ತಿನ ವಿಡಿಯೋ ಪೂರ್ತಿ ಆ ಜಾಗದ ಬಗ್ಗೆ, ಆಮೇಲೆ ಚಕ್ರಗಳ ಕೋನ ಸರಿ ಮಾಡೋ ಅಲೈನ್‌ಮೆಂಟ್ ಬಗ್ಗೆ.

ಹೊಸದಾಗಿ ನೋಡ್ತಿರೋರಿಗೆ ಕಾರಿನ ಪರಿಚಯ ಬೇಗ ಮುಗಿಸ್ತೀನಿ. ಇದು ಮಜ್ದಾದ ಮೊದಲ ತಲೆಮಾರಿನ ರೋಡ್‌ಸ್ಟರ್. 1989ರ ಫೆಬ್ರವರಿಯಲ್ಲಿ ಷಿಕಾಗೋ ಆಟೋ ಶೋನಲ್ಲಿ ಮೊದಲು ತೋರಿಸಿದ್ದು, 1997ರವರೆಗೂ ತಯಾರಾಯ್ತು. ಅಮೆರಿಕದವರಿಗೆ ಮಿಯಾಟಾ, ಯುರೋಪಿನವರಿಗೆ ಎಂಎಕ್ಸ್-5, ಜಪಾನಿನವರಿಗೆ ಯೂನೋಸ್. ನಮ್ಮೂರಲ್ಲಿ ಮಜ್ದಾ ಅಂದ್ರೆ ‘ಆ ಹಳೇ ಮಿನಿ ಬಸ್ಸಾ?’ ಅಂತಾರೆ, ಸ್ವರಾಜ್ ಮಜ್ದಾ ನೆನಪಲ್ಲಿ. ಇದು ನನ್ನ ಕೈಗೆ ಹೇಗೆ ಬಂತು ಅನ್ನೋದು ಬೇರೆ ಪುರಾಣ, ಇವತ್ತು ಬೇಡ. 1.6 ಲೀಟರ್ ಇಂಜಿನ್, ತೂಕ ಸಾವಿರ ಕೆಜಿಯೊಳಗೆ, ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್. ಅಂದ್ರೆ ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡ್ಕೊಂಡಿರುತ್ತೆ. ಮಾಮೂಲಿ ಕಾರಲ್ಲಿ ಟೋ (ಮೇಲಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರೋದು) ಮಾತ್ರ ತಿರುಗಿಸ್ಬಹುದು. ಇದರಲ್ಲಿ ಮುಂದೆ ಕ್ಯಾಂಬರ್ (ಎದುರಿಂದ ನೋಡಿದಾಗ ಚಕ್ರ ವಾಲಿರೋದು), ಕ್ಯಾಸ್ಟರ್ (ಸ್ಟೀರಿಂಗಿಗೆ ಚಕ್ರ ತಿರುಗೋ ಅಕ್ಷ ಹಿಂದಕ್ಕೆ ಒರಗಿರೋದು), ಟೋ ಮೂರೂ, ಹಿಂದೆ ಕ್ಯಾಂಬರ್ ಮತ್ತು ಟೋ ಎರಡೂ ಕೈಗೆ ಸಿಗುತ್ತೆ. ಅದು ಸಿಗಬೇಕಾದ್ರೆ ಬೋಲ್ಟ್ ತಿರುಗಬೇಕು, ಅಷ್ಟೇ.

ಈಗ ತೋರಿಸ್ತಿರೋದು ಅದೇ ಬೋಲ್ಟ್. ಕೆಳಗಿನ ತೋಳಿನ ಬುಡದಲ್ಲಿದೆ. ತಲೆಯ ಹತ್ರ ದುಂಡನೇ ಬಿಲ್ಲೆ ಕಾಣ್ತಿದೆಯಲ್ಲ, ಅದರ ತೂತು ನಡುವಲ್ಲಿಲ್ಲ, ಒಂದು ಪಕ್ಕಕ್ಕಿದೆ. ಬೋಲ್ಟ್ ತಿರುಗಿಸಿದ್ರೆ ತೋಳು ಒಳಗೋ ಹೊರಗೋ ಸರಿಯುತ್ತೆ. ಈಗ ಸ್ಪ್ಯಾನರ್ ನೋಡಿ. ತಿರುಗ್ತಿದೆ ಅನ್ಸುತ್ತಲ್ವಾ? ಕೈ ಬಿಟ್ಟೆ. ವಾಪಸ್ ಬಂತು! ಬೋಲ್ಟ್ ಹೋಗಿ ತೋಳಿನ ಬುಡದ ರಬ್ಬರ್ ಉರುಳೆ, ಅಂದ್ರೆ ಬುಷ್‌ನೊಳಗಿನ ಕಬ್ಬಿಣದ ಕೊಳವೆಗೇ ಅಂಟಿಕೊಂಡಿದೆ. ನಾನು ತಿರುಗಿಸ್ತಿರೋದು ಸುತ್ತಲಿನ ರಬ್ಬರನ್ನ. ಮೂವತ್ತು ವರ್ಷದ ಕಾರಲ್ಲಿ ಇದು ಸಾಮಾನ್ಯ. ಅಲೈನ್‌ಮೆಂಟ್ ಅಂಗಡಿಯವರು ‘ಸಾರ್, ಅದು ಅಡ್ಜಸ್ಟ್ ಆಗಲ್ಲ’ ಅಂತ ಟೋ ಮಾತ್ರ ಮಾಡಿ ಕಳಿಸೋದೂ ಇದೇ ಕಾರಣಕ್ಕೆ. ಅವರನ್ನ ಬೈಯ್ಯೋ ಹಾಗಿಲ್ಲ. ಬೋಲ್ಟ್ ಮುರಿದ್ರೆ ಬದಲಿ ಎಲ್ಲಿಂದ ತರ್ತಾರೆ?

ಎಣ್ಣೆ ಬಿಟ್ಟು ರಾತ್ರಿಯೆಲ್ಲಾ ನೆನೆಸಿದ್ವಿ, ಕಾಯಿಸಿದ್ವಿ, ಸುತ್ತಿಗೆಯಿಂದ ತಟ್ಟಿದ್ವಿ. ಕೆಲವು ಬಂದ್ವು. ಜಗ್ಗದೇ ಇದ್ದವನ್ನ ಬುಷ್‌ಗೂ ಬ್ರಾಕೆಟ್‌ಗೂ ನಡುವೆ ಬ್ಲೇಡ್ ಹಾಕಿ ಕತ್ತರಿಸಿದ್ವಿ. ಕುಯ್ದಾಗ ಉದುರಿದ ಪುಡಿ ನೋಡಿ, ಥೇಟ್ ಕಾಫಿಪುಡಿ ಬಣ್ಣ. ಹೇಗೂ ತೋಳುಗಳು ಹೊರಗೆ ಬಂದಿವೆ ಅಂತ ಬುಷ್ ಪೂರ್ತಿ ಹೊಸದು. ರಬ್ಬರ್ ಬದಲು ಗಟ್ಟಿ ಪ್ಲಾಸ್ಟಿಕ್ಕಿನಂಥ ಪಾಲಿಯುರಿಥೇನ್ ಯಾಕೆ ಹಾಕ್ಲಿಲ್ಲ ಅಂತ ಕೇಳ್ತೀರಿ. ಅದಕ್ಕೆ ಗ್ರೀಸ್ ಕೊಡ್ತಾ ಇರಬೇಕು. ಇಲ್ಲಿನ ಜೂನ್, ಜುಲೈ ತಿಂಗಳ ನೀರು, ಕೆಸರಿನ ಮುಂದೆ ಯಾವ ಗ್ರೀಸ್ ನಿಲ್ಲುತ್ತೆ? ಆಮೇಲೆ ರಸ್ತೆಯ ಪ್ರತಿ ಉಬ್ಬಿಗೂ ಕೀಂಯ್ ಅನ್ನೋ ಕಾರಲ್ಲಿ ಮಡಿಕೇರಿ ಪೇಟೆ ದಾಟಬೇಕು. ರಬ್ಬರೇ ಸಾಕು. ಹೊಸ ಬೋಲ್ಟಿಗೆ ಉದ್ದಕ್ಕೂ ಆಂಟಿ-ಸೀಜ್, ಅಂದ್ರೆ ತುಕ್ಕು ಹಿಡಿದು ಅಂಟದ ಹಾಗೆ ಮಾಡೋ ಪೇಸ್ಟ್, ಬಳಿದೇ ಹಾಕಿದ್ದು. ಮುಂದಿನ ಸಲ ಬಿಚ್ಚೋರು ಯಾರೇ ಆಗ್ಲಿ, ನನ್ನನ್ನ ಶಪಿಸಬಾರದು.

ರಬ್ಬರ್ ಬುಷ್ ಹಾಕೋರು ಇದೊಂದನ್ನ ಗಮನದಲ್ಲಿಡಿ. ಕಾರು ಜಾಕ್ ಮೇಲಿದ್ದಾಗ, ಚಕ್ರ ಜೋತುಬಿದ್ದಿರುವಾಗ, ಆ ಬೋಲ್ಟುಗಳನ್ನ ಪೂರ್ತಿ ಬಿಗಿಬಾರದು. ಈ ಬುಷ್‌ನಲ್ಲಿ ರಬ್ಬರ್ ಜಾರಲ್ಲ, ತಿರುಚಿಕೊಳ್ಳುತ್ತೆ. ಮೇಲೆ ಬಿಗಿದು ಕೆಳಗಿಳಿಸಿದ್ರೆ ಅದು ಇಡೀ ದಿನ ತಿರುಚಿಕೊಂಡೇ ನಿಂತಿರುತ್ತೆ, ಬೇಗ ಹರಿಯುತ್ತೆ, ಕಾರೂ ಇರಬೇಕಾದ್ದಕ್ಕಿಂತ ಎತ್ತರ ಕೂರುತ್ತೆ. ಅದಕ್ಕೇ ಸುಮ್ಮನೆ ಕೈಬಿಗಿ ಮಾಡಿ, ಕಾರನ್ನ ಚಕ್ರದ ಮೇಲೆ ಇಳಿಸಿ, ಹಿಂದೆ ಮುಂದೆ ತಳ್ಳಿ ಕೂರಿಸಿ, ಆಮೇಲೆ ಕೊನೇ ಬಿಗಿ.

ಇನ್ನು ಶಾಕ್ ಅಬ್ಸಾರ್ಬರ್. ಕೋನಿ ಬ್ರ್ಯಾಂಡಿನದು ಹಾಕಿದ್ದೀನಿ, ಹಳದಿ ಬಣ್ಣದ್ದು. ಮೇಲಿನ ಗುಬುಟು ತಿರುಗಿಸಿದ್ರೆ ರಿಬೌಂಡ್, ಅಂದ್ರೆ ಕುಗ್ಗಿದ ಶಾಕ್ ವಾಪಸ್ ಚಾಚೋದನ್ನ ತಡೆಯೋ ಬಿಗಿ, ಹೆಚ್ಚು ಕಮ್ಮಿ ಆಗುತ್ತೆ. ಸ್ಪ್ರಿಂಗ್ ಕಂಪನಿಯದ್ದಕ್ಕಿಂತ ಒಂಚೂರು ಗಟ್ಟಿ. ಕಾರು ಇಳಿದಿರೋದು ಹತ್ತು ಮಿಲಿಮೀಟರ್ ಇರಬಹುದು, ಅಷ್ಟೇ. ಆದ್ರೆ ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟಿದ್ದು ಯಾರೂ ಫೋಟೋ ತೆಗೆಯದ ಎರಡು ಸಾಮಾನು. ಒಂದು, ಬಂಪ್‌ಸ್ಟಾಪ್. ಶಾಕಿನ ಕಡ್ಡಿ ಮೇಲೆ ಕೂರೋ ಫೋಮಿನ ತುಂಡು. ಈ ಕಾರಿನ ಶಾಕ್ ಓಡಾಟವೇ ಚಿಕ್ಕದು, ಇಳಿಸಿದಷ್ಟೂ ಇನ್ನೂ ಚಿಕ್ಕದಾಗುತ್ತೆ. ಜಾಸ್ತಿ ಇಳಿಸಿದ ಮಿಯಾಟಾ ಎಷ್ಟೋ ಹೊತ್ತು ಸ್ಪ್ರಿಂಗ್ ಮೇಲೆ ಓಡೋದೇ ಇಲ್ಲ, ಈ ಬಂಪ್‌ಸ್ಟಾಪ್ ಮೇಲೆ ಕೂತಿರುತ್ತೆ. ತಿರುವಿನ ಮಧ್ಯೆ ಗುಂಡಿ ಸಿಕ್ಕಾಗ ಹಾರಿ ಪಕ್ಕಕ್ಕೆ ಸರಿಯೋದು ಅದಕ್ಕೇ. ಗಿಡ್ಡ, ಮೆತ್ತಗೆ ಶುರುವಾಗಿ ನಿಧಾನವಾಗಿ ಗಟ್ಟಿಯಾಗೋ ಜಾತಿಯದ್ದು ಹಾಕಿದ್ದೀನಿ. ಇನ್ನೊಂದು, ಶಾಕಿನ ಮೇಲಿನ ಮೌಂಟ್. 1998ರ ಸುಮಾರಿಗೆ ಬಂದ ಎರಡನೇ ತಲೆಮಾರಿನ ಕಾರಿನದ್ದು ಇದಕ್ಕೂ ಕೂರುತ್ತೆ, ಕಡ್ಡಿಗೆ ಇನ್ನಷ್ಟು ಓಡಾಟ ಕೊಡುತ್ತೆ.

ಓಡಾಟ ಎಷ್ಟು ಬಳಕೆ ಆಗ್ತಿದೆ ಅಂತ ನೋಡೋಕೆ ದುಬಾರಿ ಉಪಕರಣ ಬೇಡ. ಶಾಕಿನ ಕಡ್ಡಿಗೆ ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ ಕೆಳಗೆ ತಳ್ಳಿಬಿಡಿ. ಒಂದು ಸುತ್ತು ಹೋಗಿ ಬನ್ನಿ. ಶಾಕ್ ಎಲ್ಲಿವರೆಗೆ ಒಳಗೆ ಹೋಗಿತ್ತೋ ಅಲ್ಲಿಗೆ ಟೈ ಸರಿದು ನಿಂತಿರುತ್ತೆ. ಮೂರ್ನಾಡು ದಾಟಿ ವಿರಾಜಪೇಟೆಗೆ ಹೋಗಿ ಬಂದ ಮೇಲೆ ನಮ್ಮದು ಬಂಪ್‌ಸ್ಟಾಪ್ ಮುಟ್ಟಿತ್ತು, ಹಿಚುಕಿರಲಿಲ್ಲ. ನನಗೆ ಬೇಕಾಗಿದ್ದೂ ಅಷ್ಟೇ.

ಆಂಟಿ-ರೋಲ್ ಬಾರ್ (ತಿರುವಲ್ಲಿ ಕಾರು ವಾಲದ ಹಾಗೆ ಎಡಬಲ ಚಕ್ರ ಜೋಡಿಸೋ ಕಡ್ಡಿ) ದಪ್ಪಂದು ತರೋದು ಬೇಡ ಅಂತ ತೀರ್ಮಾನ ಮಾಡಿದೆ. ಮಾಕುಟ್ಟ ಘಾಟಿಯಂಥ ಕಡೆ ಬಿಗಿ ತಿರುವು ಹತ್ತುವಾಗ ಒಳಗಿನ ಹಿಂದಿನ ಚಕ್ರ ಮೊದಲೇ ಹಗುರ ಆಗಿರುತ್ತೆ. ಹಿಂದೆ ದಪ್ಪ ಬಾರ್ ಹಾಕಿದ್ರೆ ಅದು ಇನ್ನೂ ಎತ್ತುತ್ತೆ. ಹಿಂದಿನ ಎರಡು ಚಕ್ರಕ್ಕೆ ಬಲ ಹಂಚೋ ಡಿಫರೆನ್ಷಿಯಲ್ ನಂದು ಓಪನ್, ಅಂದ್ರೆ ಲಾಕ್ ಇಲ್ಲದ್ದು, ಹಾಗಾಗಿ ಇರೋ ಬಲವೆಲ್ಲ ಆ ಗಾಳಿಯಲ್ಲಿರೋ ಚಕ್ರಕ್ಕೇ ಹೋಗಿ ಸುಮ್ಮನೆ ಗಿರಗಿರ ಸುತ್ತುತ್ತೆ. ಹಳೇ ಬಾರ್ ಉಳಿಸ್ಕೊಂಡು ಲಿಂಕ್ ಮಾತ್ರ ಹೊಸದು ಹಾಕಿದೆ.

ಸರಿ, ಕಣಕ್ಕೆ ಬಂದ್ವಿ. ರೊಬಸ್ಟಾ ಒಣಗಿಸಿ ಮುಗಿದಿದೆ, ಕಣ ಖಾಲಿ. ಮನೆಯವರ ಪರ್ಮಿಷನ್ ಸಿಕ್ಕಿದ್ದು ಮಾತ್ರ ಕಷ್ಟಪಟ್ಟು. ಒಂದು ತೊಟ್ಟು ಎಣ್ಣೆ ಬಿದ್ದರೂ ಮುಂದಿನ ಬೆಳೆಗೆ ವಾಸನೆ ಹಿಡಿಯುತ್ತೆ ಅಂತ ಕೆಳಗೆ ಟಾರ್ಪಾಲು ಹಾಸಿದ್ದೀವಿ. ನೋಡೋಕೆ ಸಿಮೆಂಟ್ ಕಣ ಎಷ್ಟು ಸಪಾಟಾಗಿದೆ! ಸಪಾಟೇನೂ ಇಲ್ಲ. ನೀರು ಹರಿದು ಹೋಗ್ಲಿ ಅಂತ ಇಳಿಜಾರು ಕೊಟ್ಟೇ ಕಟ್ಟಿರೋದು. ಹಿಂದಿನ ಸಂಜೆ ಹೂಮಳೆ ಬಂದಿತ್ತು, ನೀರು ಯಾವ ಮೂಲೆಗೆ ಓಡ್ತು ಅಂತ ನಿಂತು ನೋಡಿದ್ರೇ ಇಳಿಜಾರಿನ ದಿಕ್ಕು ಗೊತ್ತಾಯ್ತು. ಎಷ್ಟು ಅನ್ನೋದಕ್ಕೆ ಗಾರೆ ಕೆಲಸದವರ ನೀರಿನ ಟ್ಯೂಬ್. ನಾಲ್ಕು ಚಕ್ರ ನಿಲ್ಲೋ ಜಾಗಕ್ಕೂ ಮಟ್ಟ ಹಿಡಿದು, ತಗ್ಗಿದ್ದ ಕಡೆ ನೆಲದ ಟೈಲ್ಸ್ ಒಂದರ ಮೇಲೊಂದು ಪೇರಿಸಿದ್ವಿ. ಪ್ರತಿ ಚಕ್ರದಡಿ ಮೇಲಿನ ಎರಡು ಟೈಲ್ಸ್ ನುಣುಪು ಮುಖ ಎದುರಾಬದುರು, ಮಧ್ಯೆ ಗ್ರೀಸ್. ಅಡ್ಜಸ್ಟ್ ಮಾಡಿದಾಗ ಚಕ್ರ ನೆಲ ಕಚ್ಚದೆ ಸರಿಯಬೇಕಲ್ಲ.

ಡ್ರೈವರ್ ಸೀಟಲ್ಲಿ ಕೂತಿರೋರು ಯಾರು ಅಂತ ನೋಡಿ. ಐವತ್ತು ಕೆಜಿ ರೊಬಸ್ಟಾ ಚೆರಿ ಮೂಟೆ. ರೇಟ್ ಏರಲಿ ಅಂತ ಅಪ್ಪ ತಡೆದಿಟ್ಟಿದ್ದು, ಅಲ್ಲಿವರೆಗೆ ಇಲ್ಲಿ ಕೆಲಸಕ್ಕಿದೆ. ಅದರ ಪಕ್ಕದಲ್ಲಿ ಒಂದಿಷ್ಟು ಸಾಮಾನಿನ ಪೆಟ್ಟಿಗೆ ಸೇರಿಸಿದ್ರೆ ನನ್ನ ತೂಕ ಆಗುತ್ತೆ. ಇಷ್ಟು ಹಗುರ ಕಾರಲ್ಲಿ ಒಬ್ಬ ಮನುಷ್ಯ ಕೂತರೆ ಎತ್ತರ, ಕ್ಯಾಂಬರ್ ಎರಡೂ ಬದಲಾಗುತ್ತೆ.

ಚಕ್ರದ ಕೋನ ಅಳೆಯೋಕೆ ಕಾರಿನ ಎರಡೂ ಪಕ್ಕ ನೇರ ದಾರ ಬೇಕು. ಅದನ್ನ ಕಟ್ಟೋಕೆ ಸ್ಪ್ರಿಂಕ್ಲರಿನ ಹಳೇ ಅಲ್ಯೂಮಿನಿಯಂ ಪೈಪ್ ತುಂಡುಗಳು. ಹಗುರ, ನೇರ. ಎರಡಕ್ಕೂ ಒಂದೇ ಅಳತೆಯಲ್ಲಿ ಗೀರು ಹಾಕಿ, ಒಂದು ಕಾರಿನ ಮುಂದೆ, ಇನ್ನೊಂದು ಹಿಂದೆ ಸ್ಟ್ಯಾಂಡ್ ಮೇಲೆ ಇಟ್ಟು, ಚಕ್ರದ ನಡುಮಟ್ಟಕ್ಕೆ ಮೀನು ಹಿಡಿಯೋ ನೈಲಾನ್ ದಾರ ಎಳೆದ್ವಿ. ಗೀರುಗಳ ಅಳತೆ ಒಂದೇ ಆದ್ರಿಂದ ಎರಡು ದಾರವೂ ಸಮಾನಾಂತರ. ಈಗ ಮುಂದಿನ ಎಡ ಚಕ್ರದ ನಡುವಿನ ಹಬ್ಬಿನಿಂದ ದಾರಕ್ಕೆ ಎಷ್ಟೋ ಬಲ ಹಬ್ಬಿನಿಂದಲೂ ಅಷ್ಟೇ ಬರೋವರೆಗೆ ಪೈಪ್ ಸರಿಸ್ಬೇಕು, ಹಿಂದೆಯೂ ಹಾಗೇ. ಮುಂದಿನ ಅಳತೆ ಹಿಂದಿನದಕ್ಕೆ ಸಮ ಬರಲ್ಲ, ಗಾಬರಿ ಬೀಳ್ಬೇಡಿ. ಈ ಕಾರಿನ ಹಿಂದಿನ ಟ್ರ್ಯಾಕ್, ಅಂದ್ರೆ ಎಡಬಲ ಚಕ್ರಗಳ ನಡುವಿನ ಅಂತರ, ಸ್ವಲ್ಪ ಅಗಲ.

ಕ್ಯಾಂಬರ್ ಮೊದಲು, ಟೋ ಕೊನೆಗೆ. ಕ್ಯಾಂಬರ್ ಮುಟ್ಟಿದ್ರೆ ಟೋ ಹಾಳಾಗುತ್ತೆ, ಅದಕ್ಕೆ. ಹಿಂದಿನ ಚಕ್ರ ಮೊದಲು, ಮುಂದಿನದು ಆಮೇಲೆ. ಕ್ಯಾಂಬರಿಗೆ ಡಿಜಿಟಲ್ ಗೇಜ್ ಇದೆ, ಇಲ್ಲದಿದ್ರೆ ಗಾರೆಯವರ ತೂಗುಗುಂಡೇ ಸಾಕು. ನನ್ನ 14 ಇಂಚಿನ ರಿಮ್ಮಿನ ಅಂಚಿನಿಂದ ಅಂಚಿಗೆ 380 ಮಿಲಿಮೀಟರ್. ಮೇಲಿನ ಅಂಚು ಕೆಳಗಿನದಕ್ಕಿಂತ 6.6 ಮಿಲಿಮೀಟರ್ ಒಳಗಿದ್ರೆ ಒಂದು ಡಿಗ್ರಿ ನೆಗೆಟಿವ್. ಹಿಂದೆ ಒಂದೂವರೆ ಡಿಗ್ರಿ, ಮುಂದೆ ಒಂದು ಡಿಗ್ರಿ ಇಟ್ಟೆ. ರೇಸ್ ಟ್ರ್ಯಾಕಿನವರು ಇನ್ನೂ ಜಾಸ್ತಿ ಇಡ್ತಾರೆ. ನನ್ನ ಟೈರ್ ಕುಶಾಲನಗರದ ಕಡೆ ನೇರ ರಸ್ತೆಯಲ್ಲೂ ಸವೀಬೇಕು, ಒಳಗಿನ ಅಂಚಷ್ಟೇ ಸವೆದ್ರೆ ಈ ಅಳತೆಯ ಒಳ್ಳೇ ಟೈರ್ ಹುಡುಕಿ ತರೋರು ನಾನೇ ತಾನೇ.

ಕ್ಯಾಸ್ಟರ್ ನೇರವಾಗಿ ಅಳೆಯೋಕೆ ಆಗಲ್ಲ. ಚಕ್ರವನ್ನ ಒಂದು ಕಡೆ 20 ಡಿಗ್ರಿ ತಿರುಗಿಸಿ ಕ್ಯಾಂಬರ್ ಓದಿ, ಇನ್ನೊಂದು ಕಡೆ 20 ತಿರುಗಿಸಿ ಮತ್ತೆ ಓದಿ, ವ್ಯತ್ಯಾಸವನ್ನ ಒಂದೂವರೆಯಿಂದ ಗುಣಿಸಿ. ಐದು ಡಿಗ್ರಿ ಆಸುಪಾಸು ಬಂತು, ಎಡಬಲ ಒಂದೇ ಸಮ. ಸಂಖ್ಯೆಗಿಂತ ಎಡಬಲ ಸಮ ಇರೋದೇ ಮುಖ್ಯ, ಇಲ್ಲಾಂದ್ರೆ ಕಾರ್ ಒಂದು ಕಡೆಗೆ ಎಳೀತಾ ಇರುತ್ತೆ.

ಟೋ ಹತ್ರ ಕ್ಯಾಮೆರಾ ತರ್ತೀನಿ. ಸ್ಟೀಲ್ ಸ್ಕೇಲ್, ದಾರದಿಂದ ರಿಮ್ಮಿನ ಮುಂದಿನ ಅಂಚಿಗೆ ಒಂದು ಅಳತೆ, ಹಿಂದಿನ ಅಂಚಿಗೆ ಇನ್ನೊಂದು. ದಾರ ಹೊರಗಡೆ ಇದೆ, ಹಾಗಾಗಿ ಮುಂದಿನ ಅಳತೆ ಜಾಸ್ತಿ ಇದ್ರೆ ಟೋ-ಇನ್, ಅಂದ್ರೆ ಚಕ್ರದ ಮುಂಭಾಗ ಒಳಕ್ಕೆ ತಿರುಗಿದೆ. ಒಂದು ಮಿಲಿಮೀಟರ್ ಅಂದ್ರೆ ಕೋನದ ಲೆಕ್ಕದಲ್ಲಿ ಒಂಬತ್ತು ನಿಮಿಷ, ಡಿಗ್ರಿಯ ಆರನೇ ಒಂದು ಭಾಗಕ್ಕೆ ಹತ್ತಿರ. ಸ್ಕೇಲನ್ನ ದಾರಕ್ಕೆ ಒತ್ತಬೇಡಿ, ದಾರ ಅಲುಗಿದ್ರೆ ಅಳತೆ ಸುಳ್ಳು. ಹಿಂದಿನ ಪ್ರತಿ ಚಕ್ರಕ್ಕೂ ಒಂದು ಮಿಲಿಮೀಟರ್ ಟೋ-ಇನ್, ಬ್ರೇಕ್ ಹಾಕಿದಾಗ ಹಿಂಭಾಗ ನೆಟ್ಟಗಿರುತ್ತೆ. ಮುಂದೆ ಸೊನ್ನೆ. ಗಾಳಿ ಬೀಸಿದಾಗಲೆಲ್ಲ ದಾರ ಕುಣೀತಿತ್ತು, ನಿಲ್ಲೋವರೆಗೆ ಕಾಯೋದು ಬಿಟ್ಟು ಬೇರೆ ದಾರಿಯಿಲ್ಲ. ಮಧ್ಯಾಹ್ನದ ಗುಡುಗಿಗೆ ಮುಂಚೆ ಮುಗಿಸ್ಬೇಕು ಅಂತ ಅವಸರ ಬೇರೆ.

ಪ್ರತಿ ಬಿಲ್ಲೆಗೂ ಬ್ರಾಕೆಟ್ಟಿಗೂ ಸೇರಿಸಿ ಬಿಳಿ ಪೇಂಟಿನ ಗೆರೆ ಎಳೆದಿದ್ದೀನಿ. ಬೋಲ್ಟ್ ಜಾರಿದ್ರೆ ಗೆರೆ ಮುರಿದು ಕಾಣುತ್ತೆ.

ಈಗ ಸಂಪಾಜೆ ಘಾಟಿ ಇಳೀತಿದ್ದೀನಿ. 2018ರ ಆಗಸ್ಟಲ್ಲಿ ಗುಡ್ಡ ಕುಸಿದಿದ್ದು ಜೋಡುಪಾಲದ ಹತ್ರ, ಇದೇ ರಸ್ತೆ. ಎದುರಿಗೆ ಲಾರಿ ಬರ್ತಿದೆ, ಎಡಕ್ಕೆ ಒತ್ತಿ ಟಾರಿನ ಅಂಚು ಬಿಟ್ಟು ಇಳಿದು ಹತ್ತಬೇಕಾಯ್ತು. ಕೇಳಿದ್ರಾ, ಒಂದೇ ಒಂದು ದಡ್ ಅನ್ನೋ ಶಬ್ದ, ಆಮೇಲೆ ಏನೂ ಇಲ್ಲ. ಮುಂಚೆ ಇಲ್ಲಿ ಸ್ಟೀರಿಂಗ್ ಕೈಯಿಂದ ಕಿತ್ಕೊಂಡು ಹೋಗ್ತಿತ್ತು. ನೇರದಲ್ಲಿ ಹಿಡಿತ ಸಡಿಲಿಸಿದ್ರೆ ಒಂಚೂರು ಎಡಕ್ಕೆ ಸರಿಯುತ್ತೆ, ಅದು ರಸ್ತೆಯ ಉಬ್ಬಿನ ಇಳಿಜಾರು. ರಸ್ತೆಯ ನಟ್ಟನಡುವೆ ಓಡಿಸ್ತಾ ಹಿಡಿತ ಸಡಿಲಿಸಿದ್ರೆ ನೆಟ್ಟಗೆ ಹೋಗುತ್ತೆ. ಹಿಂದಿನ ಶಾಕಿನ ರಿಬೌಂಡ್ ಮಾತ್ರ ಒಂದು ಕಾಲು ಸುತ್ತು ಜಾಸ್ತಿ ಆಯ್ತೇನೋ ಅನ್ಸುತ್ತೆ. ಸಾಲಾಗಿ ಉಬ್ಬು ಬಂದ್ರೆ ಹಿಂಭಾಗ ಮೇಲೆ ಬರೋಕೆ ಪುರುಸೊತ್ತಿಲ್ಲದೆ ಕುಗ್ಗುತ್ತಾ ಹೋಗುತ್ತೆ. ಸಂಪಾಜೆಯಲ್ಲಿ ಚಹಾ ಕುಡಿದು, ಡಿಕ್ಕಿ ತೆಗೆದು ಎರಡೂ ಕಡೆ ಕಾಲು ಸುತ್ತು ಇಳಿಸಿ, ಇದೇ ಘಾಟಿ ಹತ್ತುತ್ತಾ ನೋಡೋಣ.