ಮಂಜರಾಬಾದ್ ಕೋಟೆ, ಹೂತ್ಕೊಂಡ ವ್ಯಾನು, ಆಟದಲ್ಲಿ ಇಲ್ಲದ ಎತ್ತು

ಹಾಂ, ರೆಕಾರ್ಡ್ ಆಗ್ತಿದೆ. ಮೆಟ್ಟಿಲು ಹತ್ತಿದ್ದು ನೀವೇ ನೋಡಿದ್ರಿ, ಅದನ್ನ ಬಿಡೋಣ. ಸಕಲೇಶಪುರ ದಾಟಿ ಮಂಗಳೂರು ಕಡೆ ಬಂದ್ರೆ ಹೈವೇ ಪಕ್ಕದಲ್ಲೇ ಈ ಗುಡ್ಡ, ಅದರ ಮೇಲೆ ಈ ಮಂಜರಾಬಾದ್ ಕೋಟೆ. ಟಿಪ್ಪು ಕಟ್ಟಿಸಿದ್ದು, 1792ರಲ್ಲಿ ಮುಗೀತು ಅಂತಾರೆ. ಎಂಟು ಮೂಲೆಯ ನಕ್ಷತ್ರ. ಆದ್ರೆ ನಿಮಗೀಗ ನಕ್ಷತ್ರ ಕಾಣ್ತಿದೆಯಾ? ಇಲ್ಲ. ಪಾಚಿ ಹಿಡಿದ ಗೋಡೆ, ಆಮೇಲೆ ಒಂದು ತಿರುವು, ಮತ್ತೆ ಗೋಡೆ. ನಕ್ಷತ್ರ ಕಾಣೋದು ಮೇಲಿಂದ ತೆಗೆದ ಫೋಟೋದಲ್ಲಿ. ಒಳಗಿದ್ದ ಸಿಪಾಯಿ ಅದನ್ನ ಯಾವತ್ತೂ ನೋಡಿರಲ್ಲ.

ಇವತ್ತಿನ ವಿಷಯಾನೂ ಅದೇ. ಎಷ್ಟೋ ವರ್ಷದಿಂದ ಕಂಪ್ಯೂಟರಲ್ಲಿ ಸ್ಟ್ರಾಟೆಜಿ ಆಟ, ಅಂದ್ರೆ ಸೈನ್ಯ ನಡೆಸಿ ಯುದ್ಧ ಮಾಡೋ ಆಟ ಆಡ್ತಿದೀನಿ, ಎಲ್ಲದರಲ್ಲೂ ನಾನು ಆಕಾಶದಲ್ಲಿ ನಿಂತು ಕೆಳಗೆ ನೋಡ್ತಿರ್ತೀನಿ. ಯಾವ ದಂಡನಾಯಕನಿಗೆ ಸಿಕ್ಕಿತ್ತು ಆ ಜಾಗ?

ಈ ಮೂಲೆ ನೋಡಿ. ಇಲ್ಲಿ ನಿಂತ್ರೆ ಪಕ್ಕದ ಗೋಡೆಯ ಬುಡ ಪೂರ್ತಿ ಕಾಣುತ್ತೆ. ಗುಂಡನೆ ಬುರುಜಾದ್ರೆ ಅದರ ಬುಡಕ್ಕೆ ಅಂಟ್ಕೊಂಡು ನಿಂತವನನ್ನ ಮೇಲಿಂದ ಹೊಡೆಯೋಕಾಗಲ್ಲ. ಇಲ್ಲಿ ಹಾಗಿಲ್ಲ, ಒಂದು ಮೂಲೆ ಇನ್ನೊಂದನ್ನ ಕಾಯುತ್ತೆ. ಫಿರಂಗಿ ಕಾಲದ ಯುರೋಪಿನ ಲೆಕ್ಕಾಚಾರ ಇದು, ಫ್ರೆಂಚರ ನೆರವಿನಿಂದ ಬಂತು. ಏಜ್ ಆಫ್ ಎಂಪೈರ್ಸ್ 2ರಲ್ಲಿ ಏನಾಗುತ್ತೆ? ಹತ್ತು ಜನ ಕತ್ತಿ ಹಿಡ್ಕೊಂಡು ಬಂದು ಕಲ್ಲಿನ ಗೋಡೆಗೆ ಟಕಟಕ ಅಂತ ಹೊಡೀತಾರೆ, ಗೋಡೆ ಬೀಳುತ್ತೆ! ಬನ್ನಿ, ಈ ಗೋಡೆ ಮುಟ್ಟಿ. ಗಾರೆ ಹಾಕಿ ಕೂರಿಸಿದ ಕಲ್ಲು ಇದು. ಇದನ್ನ ಕತ್ತೀಲಿ ಬೀಳಿಸ್ತಾರಾ?

ಅದೇ ಆಟಕ್ಕೆ 2022ರಲ್ಲಿ ದ್ರಾವಿಡರು ಅಂತ ಹೊಸ ಪಂಗಡ ಬಂತು. ನೈಟ್ ಅಂತ ಕವಚ ತೊಟ್ಟ ಭಾರಿ ಕುದುರೆ ಸವಾರರೇ ಇಲ್ಲ ಅದರಲ್ಲಿ. ನನಗೆ ಸಿಟ್ಟೇ ಬಂದಿತ್ತು. ನಮ್ಮ ಹಳೇಬೀಡಿನ ಗೋಡೆ ತುಂಬ ಸಾಲುಸಾಲು ಕುದುರೆ ಸವಾರರಿದ್ದಾರೆ, ಇವರು ಇಲ್ಲ ಅಂದ್ಬಿಟ್ರಲ್ಲ ಅಂತ. ಈಗ ಹಾಗೆ ಅನಿಸಲ್ಲ. ಒಳ್ಳೆ ಯುದ್ಧದ ಕುದುರೆ ಇಲ್ಲಿ ಹುಟ್ಟುತ್ತಿರಲಿಲ್ಲ, ಅರಬ್ ಕಡೆಯಿಂದ ಹಡಗಲ್ಲಿ ಬರಬೇಕಿತ್ತು. ಹೊಯ್ಸಳರಿಗೂ ಅಷ್ಟೇ, ವಿಜಯನಗರಕ್ಕೂ ಅಷ್ಟೇ. ಕುದುರೆ ಕಷ್ಟ ಅನ್ನೋದು ನಿಜ, ಅದನ್ನ ಆಟ ಮಾಡಿದವರು ಸರಿಯಾಗೇ ಹಿಡಿದಿದ್ದಾರೆ.

ಈಗ ವ್ಯಾನಿನ ಕಥೆ. ಈ ಕ್ಲಿಪ್ ಬೆಳಿಗ್ಗೆದು, ನಮ್ಮ ಸೋದರಮಾವನ ತೋಟದ ದಾರಿ. ರಾತ್ರಿಯೆಲ್ಲ ಮಳೆ. ಗೇಟಿಗೆ ಇನ್ನೂರು ಮಾರು ಇದೆ ಅನ್ನುವಾಗ ಹಿಂದಿನ ಎಡಚಕ್ರ ಕೆಸರಲ್ಲಿ ಇಳೀತು. ವ್ಯಾನಲ್ಲಿ ಏನೂ ಭಾರ ಇಲ್ಲ. ನಾನು, ನನ್ನ ತಮ್ಮ, ಕ್ಯಾಮೆರಾ ಚೀಲ, ಅತ್ತೆ ಕಟ್ಟಿಕೊಟ್ಟ ಕಡುಬು, ಅಷ್ಟೇ. ಆಕ್ಸಿಲರೇಟರ್ ಒತ್ತಿದಷ್ಟೂ ಒಳಗೆ ಹೋಯ್ತು. ಮಾವ ಗೋಣಿಚೀಲ ಮಡಚಿ ಚಕ್ರದ ಮುಂದೆ ಇಟ್ರು. ಚಕ್ರ ಒಂದು ಸುತ್ತು ತಿರುಗಿ ಚೀಲವನ್ನ ಹಿಂದಕ್ಕೆ ಎಸೀತು, ಅದು ಹೋಗಿ ಕಾಫಿ ಗಿಡದ ಮೇಲೆ ಬಿತ್ತು. ಅಡಿಕೆ ಸೋಗೆ ಹಾಕಿದ್ವಿ, ಜಲ್ಲಿ ಹಾಕಿದ್ವಿ. ಐದು ಜನ ತಳ್ಳಿದ್ವಿ. ಮಾವನ ಬಿಳಿ ಪಂಚೆ ಮೊಣಕಾಲಿನ ತನಕ ಕೆಂಪಾಯ್ತು. ಎರಡು ಗಂಟೆ! ಕೊನೆಗೆ ಪಕ್ಕದ ತೋಟದ ಟ್ರ್ಯಾಕ್ಟರ್ ಬಂತು, ಹಗ್ಗ ಕಟ್ಟಿ ಎಳೆದದ್ದು ಮೂರೇ ನಿಮಿಷ. 1,500 ರೂಪಾಯಿ. "ಅಣ್ಣ, ಸ್ವಲ್ಪ ಕಮ್ಮಿ ಮಾಡ್ಕಳಿ" ಅಂದೆ. "ಮಳೇಲಿ ಗಾಡಿ ಆಚೆ ತಗ್ಯೋದೇ ಕಷ್ಟ ಕಣಪ್ಪ" ಅಂದ್ರು. ಆಗ ಜಾಸ್ತಿ ಅನಿಸ್ತು. ಈಗ ನ್ಯಾಯ ಅನಿಸುತ್ತೆ, ಅವರು ಬರದಿದ್ರೆ ಈ ವೀಡಿಯೊನೇ ಇರ್ತಿರಲಿಲ್ಲ.

ಮಾವ ಕೈ ತೊಳ್ಕೊಳ್ತಾ ಒಂದು ಮಾತು ಹೇಳಿದ್ರು: "ನಮ್ಮಪ್ಪನ ಕಾಲದಲ್ಲಿ ನಾಕು ಜೋಡಿ ಎತ್ತು ಕಟ್ಟಿ ಇದೇ ದಾರೀಲಿ ನಾಟಾ ಸಾಗಿಸ್ತಿದ್ರು ಕಣೋ. ಮಳೆಗಾಲದಲ್ಲಿ ಮಾತ್ರ ಮುಟ್ತಿರಲಿಲ್ಲ."

ಅದನ್ನ ಕೇಳಿದ್ದೇ ನನಗೆ 1791 ನೆನಪಾಯ್ತು. ಆ ವರ್ಷ ಮೇ ತಿಂಗಳಲ್ಲಿ ಬ್ರಿಟಿಷರ ದಂಡನಾಯಕ ಕಾರ್ನ್‌ವಾಲಿಸ್ ಟಿಪ್ಪು ಮೇಲೆ ದೊಡ್ಡ ಸೈನ್ಯ ಕಟ್ಟಿಕೊಂಡು ಶ್ರೀರಂಗಪಟ್ಟಣದ ಹತ್ರ ಬಂದ. ಅರಕೆರೆ ಹತ್ರ ಕಾಳಗ ಗೆದ್ದ. ಆಟದಲ್ಲಾದ್ರೆ ಅಲ್ಲಿಗೆ ಮುಗೀತು, ಮುಂದೆ ಕೋಟೆ ಮುತ್ತಿಗೆ. ನಿಜದಲ್ಲಿ ಅವನು ವಾಪಸ್ ಹೋದ. ಮಳೆ ಹಿಡ್ಕೊಂಡಿತ್ತು, ಮೇವಿಲ್ಲ, ಅಕ್ಕಿಯಿಲ್ಲ, ಎತ್ತುಗಳು ರಾಶಿರಾಶಿ ಸತ್ತವು. ಆ ಕಾಲದ 24 ಪೌಂಡ್ ಗುಂಡಿನ ಫಿರಂಗಿ ಎರಡು ಟನ್ನಿಗೂ ಹೆಚ್ಚು ತೂಗುತ್ತೆ. ನಮ್ಮ ಖಾಲಿ ವ್ಯಾನಿಗೇ ಐದು ಜನ ಸಾಲಲಿಲ್ಲ, ಆ ಕೆಸರಲ್ಲಿ ಎತ್ತಿಲ್ಲದೆ ಅದನ್ನ ಯಾರು ಎಳೀತಾರೆ? ಮುತ್ತಿಗೆಗೆ ಅಂತ ತಂದ ಫಿರಂಗಿಗಳನ್ನ ತಾನೇ ಹಾಳುಮಾಡಿ ಹೊರಟ.

ಇನ್ನೊಂದಿದೆ ಕೇಳಿ. ವಾಪಸ್ ಹೊರಟ ಮೇಲೆ ಎದುರಿಗೆ ಒಂದು ಸೈನ್ಯ ಬಂತು. ಅದು ಅವನದೇ ಕಡೆಯ ಮರಾಠರದ್ದು, ಜೊತೆಗೆ ಬೇಕಾದಷ್ಟು ದಿನಸಿ! ಅಷ್ಟು ಹತ್ರ ಬಂದಿದ್ರೂ ಅವನಿಗೆ ಗೊತ್ತೇ ಇರಲಿಲ್ಲ, ಯಾಕಂದ್ರೆ ಟಿಪ್ಪುವಿನ ಸವಾರರು ಓಲೆ ಹೊತ್ತವರನ್ನ ದಾರೀಲೇ ತಡೀತಿದ್ರು. ಆಟಗಳಲ್ಲಿ ಫಾಗ್ ಆಫ್ ವಾರ್ ಅಂತ ಕಪ್ಪು ಪರದೆ ಇರುತ್ತಲ್ಲ, ಅದು ಹೆಚ್ಚಾಗಿ ಶತ್ರುವನ್ನ ಮುಚ್ಚುತ್ತೆ. ನನ್ನ ಗೆಳೆಯರ ಸೈನ್ಯ ಎಲ್ಲಿದೆ ಅಂತ ಸಾಮಾನ್ಯವಾಗಿ ಕಾಣುತ್ತೆ, ನನ್ನ ಆಜ್ಞೆ ಕ್ಲಿಕ್ ಮಾಡಿದ ಕ್ಷಣಕ್ಕೇ ತಲುಪುತ್ತೆ. ಸಮವಸ್ತ್ರದ ಗುಂಡಿ ಸರಿಯಿಲ್ಲ, ಬಾವುಟದ ಬಣ್ಣ ಸರಿಯಿಲ್ಲ ಅಂತ ಜಗಳ ಆಡ್ತಾರೆ ಜನ. ನನಗೆ ಅದು ಬೇಡ. ಎತ್ತು ಕೊಡಿ, ತಡವಾಗಿ ಬರೋ ಓಲೆ ಕೊಡಿ.

ಎಂಪೈರ್ ಟೋಟಲ್ ವಾರ್ ಅನ್ನೋ ಆಟ 2009ರಲ್ಲಿ ಬಂದಾಗ ಭೂಪಟದಲ್ಲಿ ಮೈಸೂರು ಅಂತ ನೋಡಿ ಕುಣಿದಾಡಿಬಿಟ್ಟಿದ್ದೆ. ಆದ್ರೆ ಮರಾಠರನ್ನ ಆರಿಸಿ ಆಡಬಹುದು, ಮೈಸೂರನ್ನ ಆಡೋಕಾಗಲ್ಲ. ಸಣ್ಣ ರಾಜ್ಯ ಅಂತ ಮೂಲೇಲಿ ಬಿಟ್ಟಿದ್ದಾರೆ. ಬ್ರಿಟಿಷರು ಮೈಸೂರಿನವರ ರಾಕೆಟ್ ನೋಡಿ ತಮ್ಮದು ಮಾಡ್ಕೊಂಡ್ರು, ಅಂಥವರು ಮೂಲೇಲಿ. ಬೇಜಾರಾಗುತ್ತೆ, ನಿಜವಾಗ್ಲೂ.

ಎಲ್ಲಾ ಆಟನೂ ಹಾಗೆ ಅಂದ್ರೆ ತಪ್ಪಾಗುತ್ತೆ. ಯುರೋಪಾ ಯೂನಿವರ್ಸಾಲಿಸ್ 4 ಶುರುವಾಗೋದು 1444ರ ನವೆಂಬರ್ 11ಕ್ಕೆ, ವಿಜಯನಗರದಲ್ಲಿ ಇಮ್ಮಡಿ ದೇವರಾಯ ಇದ್ದಾಗ. ಅದರಲ್ಲಿ ಒಂದು ಸೀಮೆ ಇಷ್ಟೇ ಜನಕ್ಕೆ ಅನ್ನ ಹಾಕುತ್ತೆ ಅಂತ ಮಿತಿ ಇದೆ. ಮೀರಿದ್ರೆ ಯುದ್ಧ ಇಲ್ಲದೇನೇ ಸೈನ್ಯ ಕರಗುತ್ತೆ. ನೋಡೋಕೆ ಹೆಚ್ಚಾಗಿ ಭೂಪಟವೇ. ಆದ್ರೂ ಕಾರ್ನ್‌ವಾಲಿಸ್ ಪಟ್ಟ ಪಾಡಿಗೆ ಹತ್ರ ಬರೋದು ಅದೇ. ಅಲ್ಲೂ ಎತ್ತು ಇಲ್ಲ ಬಿಡಿ.

ಎತ್ತು ಅಂದ್ರೆ ಸುಮ್ನೆ ಅಲ್ಲ. ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದ ಅರಮನೆಯ ದನಗಳೇ ಟಿಪ್ಪು ಕಾಲಕ್ಕೆ ಅಮೃತಮಹಲ್ ಆಗಿದ್ದು. ಸೈನ್ಯದ ಸಾಮಾನು, ಫಿರಂಗಿ ಎಳೀತಿದ್ದವು ಅವೇ. ಆ ತಳಿ ಇವತ್ತಿಗೂ ಚಿಕ್ಕಮಗಳೂರು ಜಿಲ್ಲೆ ಅಜ್ಜಂಪುರದ ಫಾರಂನಲ್ಲಿದೆ. ಉದ್ದ ಕೊಂಬು, ಬೂದು ಮೈ, ಹತ್ರ ಹೋದ್ರೆ ತಲೆ ಎತ್ತಿ ದಿಟ್ಟಿಸಿ ನೋಡುತ್ತೆ. ಆಟ ಮಾಡೋರು ಅದನ್ನ ಒಂದ್ಸಲ ಬಂದು ನೋಡಬೇಕು.

ಅಯ್ಯೋ, ಮಂಜು ಬಂತು. ನೋಡಿ ನೋಡಿ, ಆ ಮೂಲೆ ಹೋಯ್ತು. ಈಗ ಬಾವಿನೂ ಕಾಣ್ತಿಲ್ಲ. ಮಂಜಿಗೇ ಮಂಜರಾಬಾದ್ ಅಂತ ಹೆಸರು ಬಂತು ಅಂತಾರಲ್ಲ, ಇದೇ ಅದು. ಕೋವಿಮದ್ದು ಇಡ್ತಿದ್ದ ಮದ್ದಿನ ಮನೆ ತೋರಿಸ್ಬೇಕಿತ್ತು, ಒಳಗೆ ತಣ್ಣಗಿರುತ್ತೆ. ಲೆನ್ಸ್ ಒದ್ದೆಯಾಗಿದೆ, ತಮ್ಮ ಒರೆಸ್ತಿದ್ದಾನೆ. ಮಾವ ಕೆಳಗಿಂದ ಕೂಗ್ತಿದ್ದಾರೆ, ಎಲ್ಲಿದ್ದಾರೋ ಕಾಣ್ತಿಲ್ಲ. ಬಂದೇ ಮಾವಾ! ಇಲ್ಲೇ ಇದೀವಿ!