ಹುಳಿಗೆ ಎಷ್ಟೊಂದು ಕೆಲಸ

ಕೇಳುಗರಿಗೆಲ್ಲ ನಮಸ್ಕಾರ.

ಸಾರಿಗೆ ಹುಣಸೆಹಣ್ಣು ಕಿವುಚಿ ರಸ ಹಿಂಡಿದ ಮೇಲೆ ಕೈಯಲ್ಲಿ ಉಳಿಯುವ ನಾರು, ಸಿಪ್ಪೆ ಎಲ್ಲಿಗೆ ಹೋಗುತ್ತದೆ? ಹೆಚ್ಚಿನ ಮನೆಗಳಲ್ಲಿ ಕಸದ ಬುಟ್ಟಿಗೆ. ಇನ್ನು ಮೇಲೆ ಅದನ್ನು ಒಂದು ಹಳೇ ಡಬ್ಬಿಗೆ ಹಾಕಿ ಫ್ರಿಜ್ಜಿನ ಮೂಲೆಯಲ್ಲಿಡಿ. ಹಿಂಡಿದ ನಿಂಬೆಹಣ್ಣಿನ ಸಿಪ್ಪೆಯನ್ನೂ ಅದರ ಜೊತೆಗೇ ಹಾಕಿ. ಇವತ್ತು ನಾನು ಮಾತಾಡಬೇಕೆಂದಿರುವುದು ಮನೆಯಲ್ಲಿರುವ ಈ ಹುಳಿ ಪದಾರ್ಥಗಳ ಬಗ್ಗೆ. ಅವು ಏನು ಮಾಡುತ್ತವೆ ಅಂತ ಗೊತ್ತಿದ್ದರೆ ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ದೇವರ ಪಾತ್ರೆಯಿಂದಲೇ ಶುರು ಮಾಡೋಣ. ತಾಮ್ರದ ಚೊಂಬು, ಹಿತ್ತಾಳೆ ದೀಪ ಗಾಳಿಗೆ, ತೇವಕ್ಕೆ ಮಂಕಾಗುತ್ತವೆ. ಆ ಮಂಕು ಪದರ ಹುಳಿಗೆ ಕರಗುತ್ತದೆ. ಡಬ್ಬಿಯಲ್ಲಿಟ್ಟ ಹುಣಸೆ ಸಿಪ್ಪೆಗೆ ಒಂದು ಚಿಟಿಕೆ ಕಲ್ಲುಪ್ಪು ಸೇರಿಸಿ ಉಜ್ಜಿ. ಉಪ್ಪು ಸೇರಿದರೆ ಕೆಲಸ ಬೇಗ ಆಗುತ್ತದೆ. ಆಮೇಲೆ ನೀರಲ್ಲಿ ತೊಳೆದು, ತಕ್ಷಣ ಒಣಬಟ್ಟೆಯಲ್ಲಿ ಒರೆಸಿ. ಒರೆಸದೆ ಹಾಗೇ ಬೋರಲು ಹಾಕಿದರೆ ನೀರಿನ ಹನಿ ನಿಂತಲ್ಲೆಲ್ಲ ಕಲೆ ಬೀಳುತ್ತದೆ, ಮಾಡಿದ ಕೆಲಸವೆಲ್ಲ ದಂಡ. ಬೆಳ್ಳಿಗೆ ಮಾತ್ರ ಇದು ನಡೆಯುವುದಿಲ್ಲ. ಬೆಳ್ಳಿಯ ಕಪ್ಪು ಬೇರೆ ಬಗೆಯದು, ಅದಕ್ಕೆ ವಿಭೂತಿಯೇ ಸರಿ.

ಈಗ ಇದನ್ನೇ ತಿರುಗಿಸಿ ನೋಡಿ. ಉಜ್ಜುವಾಗ ತಾಮ್ರವನ್ನು ಕರಗಿಸುವ ಹುಳಿ, ಅಡುಗೆಯಲ್ಲಿದ್ದರೂ ಅದನ್ನೇ ಮಾಡುತ್ತದೆ ಅಲ್ವಾ? ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದದ್ದು ಇದಕ್ಕೇ. ಒಳಗಿನ ತವರದ ಪದರ ಅಡುಗೆಗೂ ಹಿತ್ತಾಳೆಗೂ ನಡುವೆ ನಿಲ್ಲುತ್ತದೆ. ಈಚೆಗೆ ಹಿತ್ತಾಳೆ ಪಾತ್ರೆಯ ಅಡುಗೆ ಮತ್ತೆ ಫ್ಯಾಷನ್ ಆಗಿದೆ. ಸಂತೋಷ. ಆದರೆ ಕಲಾಯಿ ಇಲ್ಲದ ಪಾತ್ರೆಯಲ್ಲಿ ಸಾರು ಕುದಿಸಬೇಡಿ, ಮೊಸರು ಇಡಬೇಡಿ. ಸಾರಿಗೆ ಕಿಲುಬು ಇಳಿಯುತ್ತದೆ.

ಇನ್ನು ಬಟ್ಟೆಯ ಮೇಲಿನ ಸಾಂಬಾರಿನ ಕಲೆ. ಬಿಳಿ ಅಂಗಿ ಮೇಲೆ ಹಳದಿ ಬಿತ್ತು, ಗಾಬರಿಯಲ್ಲಿ ಸೋಪು ಹಚ್ಚಿದಿರಿ, ನೋಡನೋಡುತ್ತಿದ್ದಂತೆ ಅದು ಕೆಂಪಾಯಿತು. ಕಲೆ ಇನ್ನೂ ಕೆಟ್ಟಿತು ಅಂತ ಅಂಗಿಯನ್ನು ಮೂಲೆಗೆ ಎಸೆಯಬೇಡಿ. ಶುಭಕಾರ್ಯದಲ್ಲಿ ಆರತಿ ತಟ್ಟೆಗೆ ಏನು ಹಾಕುತ್ತೇವೆ? ಅರಿಶಿನದ ನೀರು, ಅದಕ್ಕೆ ಚೂರು ಸುಣ್ಣ. ಹಾಕಿದ ಕೂಡಲೇ ನೀರು ಕೆಂಪಗಾಗುತ್ತದೆ. ಸೋಪಿನಲ್ಲೂ ಸುಣ್ಣದ ಹಾಗೆ ಕ್ಷಾರ ಇದೆ, ಅದಕ್ಕೇ ಅಂಗಿ ಮೇಲೂ ಅದೇ ಕೆಂಪು. ನಾಲ್ಕು ಹನಿ ನಿಂಬೆರಸ ಬಿಡಿ, ಮತ್ತೆ ಹಳದಿಗೆ ತಿರುಗುತ್ತದೆ. ಮಕ್ಕಳಿಗೆ ತೋರಿಸಿ, ಖುಷಿಪಡುತ್ತಾರೆ.

ಆದರೆ ನಿಂಬೆ ಹಳದಿಯನ್ನು ತೆಗೆಯುವುದಿಲ್ಲ. ತೆಗೆಯುವುದು ಬಿಸಿಲು. ಅರಿಶಿನದ ಬಣ್ಣ ಬೆಳಕಿಗೆ ತಾಳುವುದಿಲ್ಲ. ಚೆನ್ನಾಗಿ ತೊಳೆದು, ಕಲೆ ಇರುವ ಭಾಗ ಸೂರ್ಯನ ಕಡೆಗಿರುವಂತೆ ಒದ್ದೆಯಾಗಿಯೇ ಒಣಹಾಕಿ. ಸಂಜೆಯೊಳಗೆ ಕಲೆ ಎಷ್ಟೋ ತಿಳಿಯಾಗಿರುತ್ತದೆ. ಉಳಿದಿದ್ದರೆ ಮರುದಿನ ಮತ್ತೆ ನೆನೆಸಿ ಹಾಕಿ. ಗಾಢ ಬಣ್ಣದ ಬಟ್ಟೆಯಾದರೆ ಸ್ವಲ್ಪ ಜಾಗ್ರತೆ, ಬಿಸಿಲಿಗೆ ಅದರ ಬಣ್ಣವೂ ಮಾಸುತ್ತದೆ.

ಅಡುಗೆಯಲ್ಲಿ ಹುಳಿಗೆ ಒಂದು ಹೊತ್ತು ಅಂತ ಇದೆ. ಬೇಳೆ ಬೇಯುವ ಮುಂಚೆ ಹುಣಸೆರಸ ಹಾಕಿದರೆ ಬೇಳೆ ಮತ್ತೆ ಮೆತ್ತಗಾಗುವುದೇ ಇಲ್ಲ, ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ನಿಲ್ಲುತ್ತದೆ. ಆಲೂಗಡ್ಡೆ, ಹುರುಳಿಕಾಳು, ಎಲ್ಲಕ್ಕೂ ಇದೇ ಮಾತು. ಮೊದಲು ಬೇಯಲಿ, ಆಮೇಲೆ ಹುಳಿ. ಹಸಿರು ಸೊಪ್ಪಿಗೂ ಕೊನೆಯಲ್ಲೇ ಹಾಕಿ, ಇಲ್ಲದಿದ್ದರೆ ಹಸಿರು ಹೋಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಬಾಳೆದಿಂಡು, ಬಾಳೆಹೂವು ಹೆಚ್ಚುವಾಗ ಮಾತ್ರ ಮೊದಲೇ ಹುಳಿ ಬೇಕು. ನೀರುಮಜ್ಜಿಗೆ ಪಾತ್ರೆ ಪಕ್ಕದಲ್ಲಿಟ್ಟುಕೊಂಡು ಹೆಚ್ಚಿದ್ದನ್ನು ಹಾಗೇ ಅದರಲ್ಲಿ ಮುಳುಗಿಸಿ, ಕಪ್ಪಾಗುವುದಿಲ್ಲ. ಪತ್ರೊಡೆಗೆ ಹುಣಸೆಹಣ್ಣನ್ನು ಧಾರಾಳವಾಗಿ ಹಾಕುವುದು ಯಾಕೆ ಅಂತ ಕರಾವಳಿಯವರಿಗೆ ನಾನು ಹೇಳಬೇಕಾಗಿಲ್ಲ. ಕೆಸುವಿನ ಎಲೆ ತಿಂದು ಗಂಟಲು ಕೆರೆದುಕೊಂಡವರಿಗೆ ಗೊತ್ತು.

ಬೋರ್‌ವೆಲ್ ನೀರಿನ ಮನೆಗಳಿಗೆ ಒಂದು ಮಾತು. ಕೋಲಾರದ ಕಡೆ, ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದನ್ನು ಚಾಕುವಿನಿಂದ ಕೆರೆಯಬೇಡಿ. ಆ ಡಬ್ಬಿಯಲ್ಲಿಟ್ಟ ನಿಂಬೆ ಸಿಪ್ಪೆ ಹಾಕಿ ನೀರು ಕುದಿಸಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ತೆಂಗಿನ ನಾರಲ್ಲಿ ಉಜ್ಜಿದರೆ ಎದ್ದು ಬರುತ್ತದೆ. ಅಲ್ಯೂಮಿನಿಯಂ ಕುಕ್ಕರಿನ ತಳಕ್ಕೆ ನೀರು ಹಾಕುವಾಗಲೂ ಒಂದು ಚೂರು ನಿಂಬೆ ಸಿಪ್ಪೆ ಹಾಕಿ, ಒಳಗೆ ಕಪ್ಪಾಗುವುದಿಲ್ಲ. ಹಾಗಂತ ಎಲ್ಲ ಕಡೆ ನಿಂಬೆ ಉಜ್ಜುತ್ತಾ ಹೋಗಬೇಡಿ. ಕಡಪ ಕಲ್ಲು, ಅಮೃತಶಿಲೆ ಎರಡೂ ಸುಣ್ಣದ ಜಾತಿಯವೇ. ಹುಳಿ ಬಿದ್ದ ಕಡೆ ಹೊಳಪು ಹೋಗುತ್ತದೆ, ಅದು ಮತ್ತೆ ಬರುವುದಿಲ್ಲ. ಗ್ರಾನೈಟಿಗೆ ಅಷ್ಟು ಭಯವಿಲ್ಲ. ಅಡುಗೆ ಸೋಡಾ ಮತ್ತು ವಿನೆಗರ್ ಒಟ್ಟಿಗೆ ಬೆರೆಸಿ ಉಜ್ಜಿ ಅಂತ ಮೊಬೈಲಿನಲ್ಲಿ ಬರುತ್ತದೆ, ಅದು ಸುಮ್ನೆ ನೊರೆ. ಒಂದರ ಗುಣವನ್ನು ಇನ್ನೊಂದು ಕೊಂದುಹಾಕುತ್ತದೆ. ಅದಕ್ಕಿಂತ ಮುಖ್ಯವಾದದ್ದು: ಬಚ್ಚಲು ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರನ್ನು ಯಾವತ್ತೂ ಒಟ್ಟಿಗೆ ಹಾಕಬೇಡಿ. ಅದರಿಂದ ಏಳುವ ಕ್ಲೋರಿನ್ ವಿಷಗಾಳಿ. ಬಾಗಿಲು ಹಾಕಿದ ಚಿಕ್ಕ ಬಚ್ಚಲಲ್ಲಿ ಪ್ರಾಣಕ್ಕೇ ಕುತ್ತು.

ಕೊನೆಗೆ ಕರಿಬೇವಿನ ಗಿಡ. ಹುಳಿ ಮಜ್ಜಿಗೆ ಹಾಕಿದರೆ ಚಿಗುರುತ್ತದೆ ಅನ್ನುತ್ತಾರೆ. ಅದು ನಿಮ್ಮ ಮಣ್ಣಿನ ಮೇಲಿದೆ. ಉತ್ತರ ಕರ್ನಾಟಕದ ಕಪ್ಪುಮಣ್ಣಿನಲ್ಲಿ, ಗಡಸು ನೀರು ಕುಡಿದ ಕುಂಡದ ಮಣ್ಣಿನಲ್ಲಿ ಕ್ಷಾರ ಜಾಸ್ತಿ. ಅಲ್ಲಿ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಇದೇ ತೊಂದರೆ. ಅಂಥ ಗಿಡಕ್ಕೆ ಉಪ್ಪು ಹಾಕದ ಒಂದು ಲೋಟ ಮಜ್ಜಿಗೆಗೆ ಐದಾರು ಲೋಟ ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಹಾಕಿ, ಜೊತೆಗೆ ಕೊಟ್ಟಿಗೆ ಗೊಬ್ಬರವೂ ಬೇಕು. ಮಲೆನಾಡಿನ ಕೆಂಪುಮಣ್ಣು ಮೊದಲೇ ಹುಳಿ, ಅಲ್ಲಿ ಮಜ್ಜಿಗೆಯನ್ನು ನೀವೇ ಕುಡಿದರೆ ಒಳ್ಳೆಯದು. ಎಲೆ ಒಂದೊಂದಾಗಿ ಕೀಳುವ ಬದಲು ತುದಿ ಸಮೇತ ಕಡ್ಡಿ ಮುರಿಯಿರಿ, ಪಕ್ಕದಿಂದ ಎರಡು ಕವಲು ಒಡೆಯುತ್ತದೆ. ಎಲೆ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಕಂಡರೆ ಹತ್ತಿರ ಹೋಗಿ ನೋಡಿ. ಅದು ಚಿಟ್ಟೆಯ ಮರಿಹುಳು ಆಗಿರಬಹುದು. ಮಜ್ಜಿಗೆಗೆಲ್ಲ ಅದು ಜಗ್ಗುವುದಿಲ್ಲ. ಗಿಡ ಚಿಕ್ಕದಿದ್ದರೆ ಕಡ್ಡಿಯಲ್ಲಿ ಎತ್ತಿ ಹಿತ್ತಲಿನ ನಿಂಬೆಗಿಡಕ್ಕೆ ಬಿಡಿ, ಅದನ್ನೂ ಅದು ತಿನ್ನುತ್ತದೆ. ಗಿಡ ದೊಡ್ಡದಿದ್ದರೆ ನಾಲ್ಕು ಎಲೆ ತಿಂದುಕೊಳ್ಳಲಿ ಬಿಡಿ.

ನಮಸ್ಕಾರ.