ಫ್ಲ್ಯಾಶ್ ಫೈಲನ್ನ ಎಂಪಿ4 ಮಾಡಿ ಡಿಲೀಟ್ ಮಾಡ್ಬೇಡಿ

ನಮಸ್ಕಾರ. ಹೋದ ತಿಂಗಳು ನಮ್ಮ ಅತ್ತಿಗೆ ಒಂದು ಸಿಡಿ ತಂದು ಕೈಗಿಟ್ರು. ಮೇಲೆ ಮಾರ್ಕರ್ ಪೆನ್ನಲ್ಲಿ ‘ಕಾಗುಣಿತ ಆಟ’ ಅಂತ ಬರೆದಿತ್ತು. ಅವರ ಮಗಳು ಚಿಕ್ಕವಳಿದ್ದಾಗ ಅದ್ರಲ್ಲೇ ಅಕ್ಷರ ಕಲಿತಿದ್ಲು. ಈಗ ಅವಳು ಡಬ್ಲಿನ್‌ನಲ್ಲಿದ್ದಾಳೆ, ಅವಳಿಗೇ ಮೂರು ವರ್ಷದ ಮಗ ಇದ್ದಾನೆ. "ಇದನ್ನ ವಿಡಿಯೊ ಮಾಡ್ಕೊಡೋ, ವಾಟ್ಸಾಪಲ್ಲಿ ಕಳಿಸ್ಬಿಡ್ತೀನಿ" ಅಂದ್ರು.

ಸಿಡಿ ಒಳಗೆ ಒಂದು ಎಚ್‌ಟಿಎಂಎಲ್ ಪುಟ, ಪಕ್ಕದಲ್ಲಿ ಒಂದಷ್ಟು ಎಸ್‌ಡಬ್ಲ್ಯುಎಫ್ ಫೈಲು, ಅಂದ್ರೆ ಹಿಂದೆ ಬ್ರೌಸರಲ್ಲಿ ಕಾರ್ಟೂನು, ಆಟ ಓಡಿಸ್ತಿದ್ದ ಫ್ಲ್ಯಾಶ್ ಅನ್ನೋ ತಂತ್ರಾಂಶದ ಫೈಲು. ಪುಟ ತೆರೆದ್ರೆ ಖಾಲಿ ಚೌಕ. ಫೈಲನ್ನ ವಿಡಿಯೊ ಪ್ಲೇಯರ್‌ಗೆ ಎಳೆದು ಹಾಕಿದ್ರೆ ಕಪ್ಪು ಪರದೆ. ಅತ್ತಿಗೆ ಮನೆಯಲ್ಲಿ ಯಾರೋ ಆಗ್ಲೇ ಫೈಲಿನ ಹೆಸರಿನ ಬಾಲ ಕಿತ್ತು ಎಂಪಿ4 ಅಂತ ಬರೆದೂ ನೋಡಿದ್ರು. ಹೆಸರು ಬದಲಾಯಿಸಿದ್ರೆ ಜಾತಕ ಬದಲಾಗುತ್ತಾ?

ಇವತ್ತು ಸ್ವಲ್ಪ ಜಗಳ ಆಡೋದಿದೆ. ಹಳೇ ಫ್ಲ್ಯಾಶ್ ಫೈಲು ಸಿಕ್ಕಿದ ತಕ್ಷಣ ಎಲ್ರೂ ಕೇಳೋದು ಒಂದೇ, "ಇದನ್ನ ಯಾವುದಕ್ಕೆ ಕನ್ವರ್ಟ್ ಮಾಡ್ಲಿ?" ಆ ಪ್ರಶ್ನೆಯೇ ತಪ್ಪು ಅಂತೀನಿ ನಾನು.

ಯಾಕೆ ಅಂದ್ರೆ, ಎಸ್‌ಡಬ್ಲ್ಯುಎಫ್ ಅನ್ನೋದು ವಿಡಿಯೊ ಅಲ್ವೇ ಅಲ್ಲ. ರಂಗೋಲಿ ಪುಸ್ತಕ ನೋಡಿರ್ತೀರಿ. ‘15 ಚುಕ್ಕಿ, 8ರವರೆಗೆ’ ಅಂತ ಬರೆದಿರುತ್ತೆ. ಆ ಲೆಕ್ಕ ಇಟ್ಕೊಂಡು ಬಾಗಿಲ ಮುಂದೆ ಚಿಕ್ಕದಾಗೂ ಹಾಕ್ಬಹುದು, ಜಾತ್ರೆ ಬಯಲಲ್ಲಿ ದೊಡ್ಡದಾಗೂ ಹಾಕ್ಬಹುದು. ಫ್ಲ್ಯಾಶ್ ಫೈಲಲ್ಲಿರೋದು ಅದೇ ಥರದ ಲೆಕ್ಕ. ಎಲ್ಲಿ ಚುಕ್ಕಿ, ಎಲ್ಲಿಂದ ಎಲ್ಲಿಗೆ ಬಾಗಿದ ಗೆರೆ, ಒಳಗೆ ಯಾವ ಬಣ್ಣ. ಒಂದು ಪಿಕ್ಸೆಲನ್ನ 20 ಪಾಲು ಮಾಡಿ ಅಷ್ಟು ಸಣ್ಣ ಅಳತೆಯಲ್ಲಿ ಬರೆದಿಟ್ಟಿರ್ತಾರೆ. ಅದರ ಜೊತೆಗೆ, ಮಗು ಈ ಬಟನ್ ಒತ್ತಿದ್ರೆ ಆ ಅಕ್ಷರಕ್ಕೆ ಹೋಗು ಅನ್ನೋ ಆಜ್ಞೆಗಳು ಫ್ಲ್ಯಾಶಿನದೇ ಪ್ರೋಗ್ರಾಮಿಂಗ್ ಭಾಷೆಯಾದ ಆ್ಯಕ್ಷನ್‌ಸ್ಕ್ರಿಪ್ಟ್‌ನಲ್ಲಿ. ಪ್ಲೇಯರ್ ಅದನ್ನೆಲ್ಲ ಓದಿ ಪ್ರತಿ ಫ್ರೇಮಿಗೂ ಹೊಸದಾಗಿ ಬರೀತಾ ಹೋಗುತ್ತೆ. ನೀವು ಎಂಪಿ4 ಮಾಡಿದ್ರೆ ಕೈಗೆ ಬರೋದು ರಂಗೋಲಿಯ ಫೋಟೊ.

ಆ ಫೋಟೊ ಕೂಡ ಎಷ್ಟೋ ಸಲ ಸರಿಯಾಗಿ ಬರಲ್ಲ. ಈ ಆಟದ ಮುಖ್ಯ ಟೈಮ್‌ಲೈನಲ್ಲಿ ಇರೋದೇ ಒಂದು ಫ್ರೇಮು. ಮಿಕ್ಕಿದ್ದೆಲ್ಲ ಅದರೊಳಗಿನ ಮೂವಿ ಕ್ಲಿಪ್ಪಲ್ಲಿ (ತನ್ನದೇ ಟೈಮ್‌ಲೈನ್ ಇರೋ ತುಣುಕು), ಅದರೊಳಗೆ ಮತ್ತೊಂದು ಕ್ಲಿಪ್ಪಲ್ಲಿ. ಮೊದಲ ಫ್ರೇಮಲ್ಲೇ ‘ನಿಲ್ಲು, ಕ್ಲಿಕ್ ಬರೋವರೆಗೂ ಕಾಯಿ’ ಅನ್ನೋ ಆಜ್ಞೆ. ಒಂದು ಆನ್‌ಲೈನ್ ಕನ್ವರ್ಟರ್‌ಗೆ ಹಾಕಿ ನೋಡ್ದೆ. ‘ಶುರು ಮಾಡು’ ಅನ್ನೋ ಬಟನ್ನಿನ ಚಿತ್ರ ಬಂತು, ಅಷ್ಟೆ, ಶುರುವೇ ಆಗ್ಲಿಲ್ಲ.

ಇತಿಹಾಸ ಬೇಗ ಮುಗಿಸ್ತೀನಿ. 1996ರಲ್ಲಿ ಫ್ಯೂಚರ್‌ಸ್ಪ್ಲ್ಯಾಶ್ ಅಂತ ಹುಟ್ಟಿದ್ದನ್ನ ಅದೇ ವರ್ಷದ ಕೊನೆಗೆ ಮ್ಯಾಕ್ರೋಮೀಡಿಯಾ ಕೊಂಡ್ಕೊಂಡು ಫ್ಲ್ಯಾಶ್ ಅಂತ ಹೆಸರಿಡ್ತು. 2005ರಲ್ಲಿ ಅಡೋಬಿ ಕೈಗೆ ಬಂತು. ಐಫೋನಿಗೆ ಇದು ಬೇಡ ಅಂತ ಸ್ಟೀವ್ ಜಾಬ್ಸ್ 2010ರಲ್ಲಿ ಬಹಿರಂಗ ಪತ್ರ ಬರೆದ್ರು. 2020ರ ಡಿಸೆಂಬರ್ 31ಕ್ಕೆ ಅಡೋಬಿಯೇ ಕೈ ಬಿಡ್ತು, 2021ರ ಜನವರಿ 12ರಿಂದ ಆ ಪ್ಲೇಯರ್ ತಾನಾಗೇ ಓಡೋದು ನಿಲ್ಲಿಸ್ತು. ಪ್ಲೇಯರ್ ಹೋಗಿದ್ದಕ್ಕೆ ನನಗೇನೂ ದುಃಖ ಇಲ್ಲ, ಸುರಕ್ಷತೆ ವಿಷಯದಲ್ಲಿ ಅದು ಜರಡಿ. ಹಾಗಾಗಿ ಈಗ್ಲೂ ‘ಫ್ಲ್ಯಾಶ್ ಪ್ಲೇಯರ್ ಹೊಸ ಆವೃತ್ತಿ ಡೌನ್‌ಲೋಡ್’ ಅಂತ ಯಾರಾದ್ರೂ ಕರೆದ್ರೆ ಆ ಕಡೆ ತಲೆ ಹಾಕ್ಬೇಡಿ, ಮನೆಗೆ ಬರೋದು ಮಾಲ್‌ವೇರ್.

ಹಾಗಾದ್ರೆ ತೆಗೆಯೋದು ಹೇಗೆ? ರಫಲ್ ಅಂತ ಒಂದು ಎಮ್ಯುಲೇಟರ್ ಇದೆ, ಅಂದ್ರೆ ಹಳೇ ಪ್ಲೇಯರಿನ ಕೆಲಸವನ್ನ ಅನುಕರಿಸೋ ತಂತ್ರಾಂಶ. ಮುಕ್ತ ತಂತ್ರಾಂಶ, ರಸ್ಟ್ ಭಾಷೆಯಲ್ಲಿ ಬರೆದಿದ್ದು, ಬ್ರೌಸರ್ ಒಳಗೇ ಓಡುತ್ತೆ. ಇಂಟರ್ನೆಟ್ ಆರ್ಕೈವ್ 2020ರ ನವೆಂಬರಿಂದ ತನ್ನ ಫ್ಲ್ಯಾಶ್ ಸಂಗ್ರಹ ತೋರಿಸ್ತಿರೋದು ಇದರ ಮೂಲಕವೇ. ಆ್ಯಕ್ಷನ್‌ಸ್ಕ್ರಿಪ್ಟ್ 1, 2ರ ಕಾಲದ ಫೈಲುಗಳು ಬಹುಮಟ್ಟಿಗೆ ಚೆನ್ನಾಗೇ ಓಡುತ್ವೆ. 3ರ ಫೈಲುಗಳಲ್ಲಿ ಕೆಲವು ಇನ್ನೂ ಮುಗ್ಗರಿಸ್ತಾವೆ. ಎಕ್ಸ್‌ಟೆನ್ಷನ್ ಆಗಿ ರಫಲನ್ನ ಬ್ರೌಸರಿಗೆ ಸೇರಿಸ್ಕೊಂಡು ಸಿಡಿಯಿಂದ ಪುಟ ತೆರೆಯೋರು, ನಿಮ್ಮ ಕಂಪ್ಯೂಟರಿನ ಫೈಲು ಓದೋಕೆ ಅದಕ್ಕೆ ಅನುಮತಿ ಕೊಡ್ಬೇಕು. ನಾನು ಅದು ಗೊತ್ತಿಲ್ದೆ ಅರ್ಧ ಗಂಟೆ ಖಾಲಿ ಚೌಕ ನೋಡ್ಕೊಂಡು ಕೂತಿದ್ದೆ.

ಇಲ್ಲೊಂದು ಸ್ವಾರಸ್ಯ ಇದೆ. ರಫಲ್ ಶುರು ಮಾಡಿದ ಮೈಕ್ ವೆಲ್ಷ್ ಅದಕ್ಕಿಂತ ಮುಂಚೆ ಸ್ವಿವೆಲ್ ಅಂತ ಒಂದು ಸಲಕರಣೆ ಮಾಡಿದ್ರು. ಅದರ ಕೆಲಸವೇ ಎಸ್‌ಡಬ್ಲ್ಯುಎಫ್‌ನ ವಿಡಿಯೊ ಮಾಡೋದು. ಬರೀ ಕಾರ್ಟೂನ್ ಆಗಿದ್ರೆ, ಮೊದಲಿಂದ ಕೊನೆವರೆಗೆ ನೋಡ್ಕೊಂಡು ಹೋಗೋದಾದ್ರೆ, ಇವತ್ತಿಗೂ ಅದು ಸಾಕು, ಧಾರಾಳವಾಗಿ ಮಾಡ್ಕೊಳ್ಳಿ. ಆದ್ರೆ ವಿಡಿಯೊ ಮಾಡೋ ಯಂತ್ರ ಕಟ್ಟಿದ ಮನುಷ್ಯನೇ ಆಮೇಲೆ ಪ್ಲೇಯರ್ ಬರೆಯೋಕೆ ಕೂತ್ರಲ್ಲ, ನನ್ನ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈಗ ನಮ್ಮ ಕನ್ನಡದ ಗೋಳು. ಇದನ್ನ ಇಂಗ್ಲಿಷಿನ ಯಾವ ಟ್ಯುಟೋರಿಯಲ್ಲೂ ಹೇಳಲ್ಲ. ಜೆಪೆಕ್ಸ್ ಅನ್ನೋ ಡಿಕಂಪೈಲರಲ್ಲಿ (ತಯಾರಾದ ಫೈಲನ್ನ ಬಿಡಿಬಿಡಿ ಮಾಡೋ ಸಲಕರಣೆ) ಫೈಲು ಬಿಚ್ಚಿದ್ರೆ ಚಿತ್ರ ಗೆರೆಗಳ ಲೆಕ್ಕ ಹಾಗೇ ಉಳಿಸೋ ಎಸ್‌ವಿಜಿಯಾಗಿ ಸಿಗುತ್ತೆ, ಧ್ವನಿ ಎಂಪಿ3ಯಾಗಿ ಸಿಗುತ್ತೆ. ಖುಷಿಯಾಗಿ ಪಠ್ಯದ ಕಡೆ ಹೋದ್ರೆ ಪೌಂಡ್ ಚಿಹ್ನೆ, ಯೆನ್ ಚಿಹ್ನೆ, ತಲೆ ಮೇಲೆ ಗೆರೆ ಇರೋ ‘ಎ’! ಫೈಲು ಕೆಟ್ಟಿಲ್ಲ. ಕನ್ನಡದ ಒತ್ತಕ್ಷರ ನೆಟ್ಟಗೆ ಜೋಡಿಸೋ ಟೆಕ್ಸ್ಟ್ ಎಂಜಿನ್ ಫ್ಲ್ಯಾಶಿಗೆ ಬಂದಿದ್ದು 2008ರಲ್ಲಿ, 10ನೇ ಆವೃತ್ತಿಗೆ. ಅಲ್ಲಿವರೆಗೆ ಡಿಟಿಪಿಯವ್ರು ತಮಗೆ ಗೊತ್ತಿದ್ದ ‘ನುಡಿ’, ‘ಬರಹ’ ಅನ್ನೋ ಕನ್ನಡ ತಂತ್ರಾಂಶಗಳ ಹಳೇ ಫಾಂಟಲ್ಲೇ ಕೆಲಸ ಸಾಗಿಸಿದ್ರು. ಆ ಫಾಂಟುಗಳು ಇಂಗ್ಲಿಷಿನ ಕೋಡಿಗೆ ಕನ್ನಡದ ವೇಷ ಹಾಕ್ತಿದ್ವು, ವೇಷ ಕಳಚಿದ್ರೆ ಒಳಗಿರೋದು ಪೌಂಡು, ಯೆನ್ನು. ಹಾಗಾಗಿ ನಮ್ಮ ಫೈಲಿಗೆ ಎರಡು ಬೀಗ. ಫ್ಲ್ಯಾಶ್ ಬಿಚ್ಚಿದ ಮೇಲೆ ಆ ಪಠ್ಯವನ್ನ, ಕನ್ನಡಕ್ಕೆ ಅದರದ್ದೇ ಕೋಡ್ ಇರೋ ಯೂನಿಕೋಡಿಗೆ ಬದಲಾಯಿಸೋ ಪರಿವರ್ತಕಕ್ಕೆ ಬೇರೆ ಹಾಕ್ಬೇಕು. ಇನ್ನು ಕೆಲವರು ಅಕ್ಷರ ಹಾಳಾಗ್ದೇ ಇರ್ಲಿ ಅಂತ ಎಲ್ಲವನ್ನೂ ಬ್ರೇಕ್ ಅಪಾರ್ಟ್ ಮಾಡಿ ಬರೀ ಆಕಾರ ಮಾಡಿಬಿಟ್ಟಿದ್ದಾರೆ. ಪರದೆ ಮೇಲೆ ಚೆಂದ ಕಾಣುತ್ತೆ, ಆದ್ರೆ ಒಳಗೆ ಒಂದಕ್ಷರವೂ ಪಠ್ಯವಾಗಿ ಇರಲ್ಲ. ಅಂಥದ್ದನ್ನ ಕೂತು ಟೈಪ್ ಮಾಡೋದೇ ಗತಿ.

ಅದಕ್ಕೇ ಹೇಳೋದು, ವಿಡಿಯೊ ಬೇಕಾದ್ರೆ ಮಾಡ್ಕೊಳ್ಳಿ, ಮೂಲ ಫೈಲು ಮಾತ್ರ ಒಂದಕ್ಷರ ಮುಟ್ಟದೆ ಹಾಗೇ ಇಡಿ. ರಫಲ್ ಇವತ್ತು ಎಡವೋ ಕಡೆ ಮುಂದಿನ ವರ್ಷ ಸರಿಯಾಗಿ ನಡೀಬಹುದು, ಆಗ ಓಡಿಸೋಕೆ ಫೈಲೇ ಇರ್ಬೇಕಲ್ಲ? ಡಿಟಿಪಿ ಅಂಗಡಿ ಇಟ್ಟಿದ್ದವ್ರು ಯಾರಾದ್ರೂ ಕೇಳ್ತಿದ್ರೆ, ಹಳೇ ಹಾರ್ಡ್‌ಡಿಸ್ಕಲ್ಲಿ ಎಫ್‌ಎಲ್‌ಎ ಅನ್ನೋ ಬಾಲದ ಫೈಲು ಇದ್ಯಾ ನೋಡಿ. ಅದು ಮೂಲ ಪ್ರತಿ. ಎಸ್‌ಡಬ್ಲ್ಯುಎಫ್ ಅದರಿಂದ ತಯಾರಾದದ್ದು. ಈ ಸಿಡಿ ಮಾಡಿದವ್ರನ್ನ ನಾನೂ ಹುಡುಕ್ದೆ. ಕವರಲ್ಲಿದ್ದ ಲ್ಯಾಂಡ್‌ಲೈನ್ ನಂಬರ್ ಈಗಿಲ್ಲ.

ಅತ್ತಿಗೆಗೆ ಪೆನ್‌ಡ್ರೈವಲ್ಲಿ ಸಿಡಿಯ ಪೂರ್ತಿ ನಕಲು, ಜೊತೆಗೆ ರಫಲ್ ಹಾಕ್ಕೊಟ್ಟೆ. ಆದ್ರೂ ಬಿಡ್ಲಿಲ್ಲ, ವಿಡಿಯೊನೇ ಬೇಕು ಅಂದ್ರು. ಸರಿ, ಆಟ ಆಡಿ ರೆಕಾರ್ಡ್ ಮಾಡಿ 40 ಸೆಕೆಂಡಿಂದು ಕಳಿಸ್ದೆ. ಮಾರನೇ ದಿನ ಡಬ್ಲಿನ್‌ನಿಂದ ಫೋನ್ ಬಂತು. ಹುಡುಗ ಪರದೆ ಮೇಲಿರೋ ‘ಶುರು ಮಾಡು’ ಬಟನ್ ಒತ್ತುತ್ತಾನಂತೆ. ಒತ್ತಿದಾಗೆಲ್ಲ ವಿಡಿಯೊ ನಿಂತು ಹೋಗುತ್ತಂತೆ.